ಮನಸ್ಸಿನ ಜಮಾ-ಖರ್ಚು

ಕೇಳುಗರಿಗೆ ನಮಸ್ಕಾರ.

ಮಗು ಬೆಳೆಯುತ್ತಿದೆ ಎನ್ನುವಾಗ ನಾವು ಬಂದದ್ದನ್ನೇ ಎಣಿಸುತ್ತೇವೆ. ಹಲ್ಲು ಬಂತು, ನಡಿಗೆ ಬಂತು, ಮಾತು ಬಂತು, ಬುದ್ಧಿ ಬಂತು. ಹೋದದ್ದರ ಲೆಕ್ಕವನ್ನು ಯಾರೂ ಬರೆದಿಡುವುದಿಲ್ಲ. ಇವತ್ತು ಆ ಖರ್ಚಿನ ಪುಟವನ್ನೂ ತೆರೆಯಬೇಕೆಂದಿದ್ದೇನೆ. ಗರ್ಭದಿಂದ ಮುಪ್ಪಿನವರೆಗೆ ನಮ್ಮ ಮನಸ್ಸು ಒಂದನ್ನು ಬಿಟ್ಟುಕೊಟ್ಟೇ ಇನ್ನೊಂದನ್ನು ಗಳಿಸುತ್ತದೆ ಎಂಬುದು ನನ್ನ ಎಣಿಕೆ.

ಇದು ಹುಟ್ಟುವ ಮೊದಲೇ ಶುರುವಾಗುತ್ತದೆ. ಗರ್ಭದಲ್ಲಿರುವಾಗ ಮಿದುಳು ತನಗೆ ಬೇಕಾದದ್ದಕ್ಕಿಂತ ಬಹಳ ಹೆಚ್ಚು ನರಕೋಶಗಳನ್ನು ಹುಟ್ಟಿಸಿಕೊಳ್ಳುತ್ತದೆ. ಸರಿಯಾದ ಸಂಪರ್ಕ ಸಿಗದ ಕೋಶಗಳು ಆಮೇಲೆ ಸಾಯುತ್ತವೆ. ಕೇಳಿದರೆ ಗಾಬರಿಯಾಗಬಹುದು, ಆದರೆ ಆರೋಗ್ಯವಂತ ಮಿದುಳು ಬೆಳೆಯುವ ಕ್ರಮವೇ ಇದು. ಆರನೆಯ ತಿಂಗಳ ಆಸುಪಾಸಿನಲ್ಲಿ ಕಿವಿ ಕೆಲಸ ಮಾಡತೊಡಗುತ್ತದೆ. ಆ ಕಿವಿಗೆ ಎಲ್ಲಕ್ಕಿಂತ ಚೆನ್ನಾಗಿ ತಲುಪುವುದು ತಾಯಿಯ ಧ್ವನಿ. ಅದು ನೆನಪಿನಲ್ಲಿ ಉಳಿಯುತ್ತದೆಯೇ? 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಎಂಬ ಇಬ್ಬರು ಅಮೆರಿಕದ ಸಂಶೋಧಕರು, ಹುಟ್ಟಿ ಮೂರು ದಿನ ತುಂಬದ ಶಿಶುಗಳ ಬಾಯಿಗೆ ಹಾಲಿಲ್ಲದ ರಬ್ಬರ್ ತೊಟ್ಟು ಇಟ್ಟರು. ಒಂದು ಲಯದಲ್ಲಿ ಚೀಪಿದರೆ ತಾಯಿಯ ಧ್ವನಿ, ಇನ್ನೊಂದು ಲಯದಲ್ಲಿ ಚೀಪಿದರೆ ಬೇರೊಬ್ಬ ಹೆಂಗಸಿನ ಧ್ವನಿ ಕೇಳಿಸುತ್ತಿತ್ತು. ಶಿಶುಗಳು ತಾಯಿಯ ಧ್ವನಿ ಬರುವ ಲಯವನ್ನೇ ಹಿಡಿದವು. ಎಳೆಗೂಸಿಗೆ ಏನು ತಿಳಿಯುತ್ತದೆ ಎನ್ನುವವರು ಈ ಪ್ರಯೋಗವನ್ನು ಒಮ್ಮೆ ನೆನೆಯಬೇಕು.

ನನಗೆ ಬಹಳ ಇಷ್ಟವಾದ ಪ್ರಯೋಗ ನಡೆದದ್ದು ಕೆನಡಾದಲ್ಲಿ. ಹಿಂದಿಯಲ್ಲಿರುವ, ಕನ್ನಡಿಗರಾದ ನಮಗೂ ಸಲೀಸಾದ ತಕಾರ ಮತ್ತು ಟಕಾರಗಳ ಭೇದ ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಕಿವಿಯಲ್ಲಿ ನಿಲ್ಲುವುದೇ ಕಷ್ಟ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಇಂಗ್ಲಿಷ್ ಮನೆಗಳ ಮಕ್ಕಳಿಗೆ ಈ ಧ್ವನಿಗಳನ್ನು ಕೇಳಿಸಿದರು. ಧ್ವನಿ ಬದಲಾದೊಡನೆ ಮಗು ತಲೆ ತಿರುಗಿಸಿದರೆ ಬಹುಮಾನವಾಗಿ ಕುಣಿಯುವ ಆಟಿಕೆ ಕಾಣಿಸುತ್ತಿತ್ತು. ಆರರಿಂದ ಎಂಟು ತಿಂಗಳ ಮಕ್ಕಳಲ್ಲಿ ಹೆಚ್ಚಿನವರು ಭೇದವನ್ನು ಗುರುತಿಸಿದರು. ಹತ್ತರಿಂದ ಹನ್ನೆರಡು ತಿಂಗಳ ಹೊತ್ತಿಗೆ ಆ ಶಕ್ತಿ ಬಹುತೇಕ ಮಾಯವಾಗಿತ್ತು. 1984ರಲ್ಲಿ ಇದು ಪ್ರಕಟವಾಯಿತು. ಮಗು ದಡ್ಡವಾಯಿತೆಂದು ಇದರ ಅರ್ಥವೇ? ಖಂಡಿತ ಅಲ್ಲ. ಅದೇ ತಿಂಗಳುಗಳಲ್ಲಿ ಮನೆಮಾತಿನ ಧ್ವನಿಗಳಿಗೆ ಅದರ ಕಿವಿ ಹರಿತವಾಗುತ್ತದೆ. ಜಗತ್ತಿನ ಎಲ್ಲ ಭಾಷೆಗಳಿಗೂ ತೆರೆದಿದ್ದ ಕಿವಿ, ತನ್ನವರ ಮಾತಿಗಾಗಿ ಉಳಿದವನ್ನು ಬಿಟ್ಟುಕೊಡುತ್ತದೆ.

ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞ ಜೀನ್ ಪಿಯಾಜೆ ಹೇಳಿದ, ಮಗುವಿನ ಬುದ್ಧಿ ಬೆಳೆಯುವ ಹಂತಗಳ ಪಟ್ಟಿಯನ್ನು ಶಿಕ್ಷಕರ ತರಬೇತಿ ಪಡೆದವರೆಲ್ಲ ಬಾಯಿಪಾಠ ಮಾಡಿರುತ್ತಾರೆ. ಅದನ್ನು ಇಲ್ಲಿ ಒಪ್ಪಿಸುವುದಿಲ್ಲ, ಅವರ ಒಂದು ಪ್ರಯೋಗ ಸಾಕು. ಅಗಲ ಲೋಟದ ನೀರನ್ನು ಕಿರಿದಾದ ಎತ್ತರದ ಲೋಟಕ್ಕೆ ಸುರಿದರೆ ನಾಲ್ಕು ವರ್ಷದ ಮಗು ನೀರು ಹೆಚ್ಚಾಯಿತು ಎನ್ನುತ್ತದೆ. ಏಳರ ಸುಮಾರಿಗೆ ಅದೇ ಮಗು ಆ ಪ್ರಶ್ನೆಗೇ ನಗುತ್ತದೆ. ಕಣ್ಣಿಗೆ ಕಂಡದ್ದೇ ನಿಜ ಎಂಬ ಹಳೆಯ ನಂಬಿಕೆಯನ್ನು ಬಿಟ್ಟುದರಿಂದಲೇ ತರ್ಕ ಅದರ ಕೈಗೆ ಬಂದದ್ದು.

ಆದರೆ ಒಂದು ಮಾತು. ಎಲ್ಲ ನಷ್ಟಕ್ಕೂ ಎದುರು ಲಾಭ ಇರುವುದಿಲ್ಲ. 1989ರಲ್ಲಿ ರುಮೇನಿಯಾದ ಸರ್ವಾಧಿಕಾರ ಉರುಳಿದಾಗ, ಅಲ್ಲಿನ ಅನಾಥಾಲಯಗಳಲ್ಲಿ ಎತ್ತಿಕೊಳ್ಳುವವರಿಲ್ಲದೆ, ಮಾತನಾಡಿಸುವವರಿಲ್ಲದೆ ಬೆಳೆಯುತ್ತಿದ್ದ ಸಾವಿರಾರು ಮಕ್ಕಳು ಹೊರಜಗತ್ತಿನ ಕಣ್ಣಿಗೆ ಬಿದ್ದರು. 2000ದಲ್ಲಿ ಬುಖಾರೆಸ್ಟ್‌ನಲ್ಲಿ ಶುರುವಾದ ಅಧ್ಯಯನವೊಂದು ಇಂಥ 136 ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕುಮನೆಗಳಿಗೆ ಕಳುಹಿಸಿತು. ಅವರ ಸ್ಥಿತಿ ಸುಧಾರಿಸಿತು. ಸುಮಾರು ಎರಡು ವರ್ಷ ತುಂಬುವುದರೊಳಗೆ ಹೋದವರದು ಇನ್ನೂ ಹೆಚ್ಚು. ಅಕ್ಕರೆಯಿಲ್ಲದೆ ಕಳೆದ ತಿಂಗಳುಗಳು ಆ ಮಕ್ಕಳಿಗೆ ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ.

ಹದಿಹರೆಯದಲ್ಲಿ ಮಿದುಳಿನ ಮುಂಭಾಗದ ಬಳಸದ ಸಂಪರ್ಕಗಳು ಕತ್ತರಿಸಿಹೋಗುತ್ತವೆ. ಈ ಕೆಲಸ ಇಪ್ಪತ್ತರ ನಡುವಿನವರೆಗೂ ಸಾಗುತ್ತದೆ. ಹುಡುಗರಿಗೆ ಅಪಾಯ ತಿಳಿಯುವುದಿಲ್ಲ ಎಂದು ಗೊಣಗುವುದು ಸುಲಭ. 2005ರಲ್ಲಿ ಗಾರ್ಡ್ನರ್ ಮತ್ತು ಸ್ಟೈನ್‌ಬರ್ಗ್ ಎಂಬ ಸಂಶೋಧಕರು ಕಂಪ್ಯೂಟರಿನ ಕಾರು ಓಡಿಸುವ ಆಟವೊಂದನ್ನು ಆಡಿಸಿ ನೋಡಿದರು. ಗೆಳೆಯರು ಜೊತೆಗಿದ್ದಾಗ ಹದಿಹರೆಯದವರ ದುಡುಕು ಬಹಳ ಹೆಚ್ಚಿತು. ದೊಡ್ಡವರ ಆಟ ಹೆಚ್ಚು ಬದಲಾಗಲಿಲ್ಲ. ಹಾಗಾಗಿ ಉಪದೇಶ ಮಾಡುವ ಮುನ್ನ ಪಕ್ಕದಲ್ಲಿ ಯಾರಿದ್ದಾರೆಂದು ನೋಡುವುದು ಒಳ್ಳೆಯದು.

ದೊಡ್ಡವರಾದ ಮೇಲೆ ಬೆಳವಣಿಗೆ ನಿಂತಿತೆಂದು ಬಹಳ ಕಾಲ ಮನಶ್ಶಾಸ್ತ್ರಜ್ಞರೇ ನಂಬಿದ್ದರು. ಮನಶ್ಶಾಸ್ತ್ರಜ್ಞ ವಾರ್ನರ್ ಶಾಯ್ 1956ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಆರಂಭಿಸಿದ ಅಧ್ಯಯನ, ಏಳು ವರ್ಷಕ್ಕೊಮ್ಮೆ ಜನರನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾ ಬಂತು. ಅದು ಕಂಡುಕೊಂಡಂತೆ, ಗ್ರಹಿಕೆಯ ವೇಗ ಯೌವನದಲ್ಲೇ ಇಳಿಯತೊಡಗುತ್ತದೆ. ಶಬ್ದಗಳ ಮೇಲಿನ ಹಿಡಿತ, ತರ್ಕ ಇವು ನಡುವಯಸ್ಸಿನಲ್ಲಿ ಶಿಖರ ಮುಟ್ಟುತ್ತವೆ. ಅರವತ್ತು ದಾಟಿದವರಿಗೆ ಐದೇ ತಾಸಿನ ತರಬೇತಿ ಕೊಟ್ಟಾಗ, ತರ್ಕಶಕ್ತಿ ಕುಂದಿದ್ದವರಲ್ಲಿ ಹಲವರು ಹದಿನಾಲ್ಕು ವರ್ಷ ಹಿಂದಿನ ತಮ್ಮದೇ ಮಟ್ಟಕ್ಕೆ ಮರಳಿದರು.