ಬೋರ್ಡ್ ಹೋದರೆ ಹೋಗಲಿ, ವಿಂಡೋಸ್ ಇರಲಿ

ಕೇಳುಗರಿಗೆಲ್ಲ ನಮಸ್ಕಾರ.

ಪತ್ತನಾಜೆಗೆ, ಅಂದರೆ ಮಳೆಗಾಲದ ಬಾಗಿಲಲ್ಲಿ, ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುತ್ತಾರೆ. ನಮ್ಮಂಥ ಕಂಪ್ಯೂಟರ್ ರಿಪೇರಿಯವರಿಗೆ ಸೀಸನ್ ಶುರುವಾಗುವುದೇ ಆವಾಗ. ರಾತ್ರಿ ಗುಡುಗು ಸಿಡಿಲು ಬಂದರೆ, ಮಾರನೇ ದಿನ ಉಡುಪಿಯ ನಮ್ಮ ಅಂಗಡಿಯ ಶಟರ್ ಎತ್ತುವ ಮೊದಲೇ ಇಬ್ಬರು ಮೂವರು ಸಿಪಿಯು ಹಿಡಿದುಕೊಂಡು ನಿಂತಿರುತ್ತಾರೆ.

"ಪ್ಲಗ್ ತೆಗೆದಿದ್ದೆ ಮಾರಾಯ್ರೆ" ಅಂತಾರೆ. ತೆಗೆದಿರುತ್ತಾರೆ, ಸುಳ್ಳಲ್ಲ. ಆದರೆ ಮೋಡೆಮ್‌ನ ಪ್ಲಗ್ ಗೋಡೆಯಲ್ಲೇ ಇರುತ್ತದೆ. ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಕರೆಂಟು ಸೀದಾ ಮದರ್‌ಬೋರ್ಡಿಗೆ, ಅಂದರೆ ಕಂಪ್ಯೂಟರಿನ ಮುಖ್ಯ ಬೋರ್ಡಿಗೆ ಬರುತ್ತದೆ.

ಮಲ್ಪೆಯ ಐಸ್ ಪ್ಲಾಂಟಿನವರೊಬ್ಬರ ಕಂಪ್ಯೂಟರ್ ಹೀಗೇ ಹೋಯಿತು. ಬೋರ್ಡಿನಲ್ಲಿ ಉಪ್ಪುಗಾಳಿಯ ಹಸಿರು ಕಿಲುಬು ಬೇರೆ. ಬೋರ್ಡ್ ಬದಲಿಸಿದರೆ ಡಿಸ್ಕ್ ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸಲೇಬೇಕು ಅಂತ ಇನ್ನೊಂದು ಕಡೆ ಹೇಳಿದ್ದರಂತೆ. ಆರು ವರ್ಷದ ಲೆಕ್ಕ ಅದರಲ್ಲಿ. ಮನುಷ್ಯ ಬೆವರುತ್ತಿದ್ದ.

ಹಳೇ ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಹಳೇ ಡಿಸ್ಕನ್ನು ಹೊಸ ಬೋರ್ಡಿಗೆ ಹಾಕಿದರೆ ನೀಲಿ ಪರದೆ, ಅದರಲ್ಲಿ 7ಬಿ ಅಂತ ಕೊನೆಯಾಗುವ ಒಂದು ನಂಬರು. ಹೊಸ ಬೋರ್ಡಿನಲ್ಲಿ ಡಿಸ್ಕ್ ನೋಡಿಕೊಳ್ಳುವ ಕಂಟ್ರೋಲರ್ ಚಿಪ್ಪಿಗೆ ಬೇಕಾದ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್ ಇಲ್ಲ, ಹಾಗಾಗಿ ವಿಂಡೋಸಿಗೆ ತನ್ನ ಡಿಸ್ಕೇ ಕಾಣುತ್ತಿರಲಿಲ್ಲ. ವಿಂಡೋಸ್ 10ರಿಂದ ಈಚೆಗೆ ಹಾಗಲ್ಲ. ಮೊದಲ ಸಲ ಸ್ವಲ್ಪ ಹೊತ್ತು ಒದ್ದಾಡುತ್ತದೆ, ಒಂದೆರಡು ಸಲ ತಾನೇ ರೀಸ್ಟಾರ್ಟ್ ಆಗುತ್ತದೆ, ಆಮೇಲೆ ಹೆಚ್ಚಾಗಿ ಎದ್ದು ಕೂರುತ್ತದೆ.

ಐಸ್ ಪ್ಲಾಂಟಿನವರದ್ದಕ್ಕೆ ಹೊಸ ಬೋರ್ಡ್ ಹಾಕಿದರೆ ಏಳಲಿಲ್ಲ. ಬೂಟ್ ಆಗುವ ಡಿಸ್ಕೇ ಇಲ್ಲ ಅಂದಿತು. ಡಿಸ್ಕ್ ಹಳೇ ಎಂಬಿಆರ್ ಪದ್ಧತಿಯದ್ದು, ಹೊಸ ಬೋರ್ಡಿಗೆ ಯುಇಎಫ್‌ಐ ಅನ್ನುವ ಹೊಸ ಬೂಟ್ ಪದ್ಧತಿ ಮಾತ್ರ ಗೊತ್ತು. ನಾನು ಮೊದಲು ಇಡೀ ಡಿಸ್ಕನ್ನು ಇನ್ನೊಂದಕ್ಕೆ ಕಾಪಿ ಮಾಡಿಕೊಂಡೆ. ಇದನ್ನು ಮಾಡದೆ ಯಾರೂ ಮುಂದಕ್ಕೆ ಕೈ ಹಾಕಬೇಡಿ. ಆಮೇಲೆ ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಡಿಸ್ಕನ್ನು ಅಳಿಸದೆ ಹೊಸ ಪದ್ಧತಿಗೆ ಬದಲಿಸುವ ಎಂಬಿಆರ್2ಜಿಪಿಟಿ ಅನ್ನುವ ಕಮಾಂಡ್ ಕೊಟ್ಟೆ. 2017ರಿಂದ ಅದು ವಿಂಡೋಸಿನಲ್ಲೇ ಇದೆ. ಲೆಕ್ಕ ಎಲ್ಲ ಇದ್ದಲ್ಲೇ ಇತ್ತು. ಹೊಸ ಬೋರ್ಡಿನ ಲ್ಯಾನಿಗೆ ಡ್ರೈವರ್ ಇರಲಿಲ್ಲ, ಮೊಬೈಲನ್ನೇ ಯುಎಸ್‌ಬಿಯಲ್ಲಿ ಸಿಕ್ಕಿಸಿ ನೆಟ್ ಕೊಟ್ಟೆ.

ಕೆಲವು ಸಲ ತೊಂದರೆ ಬಯೋಸಿನಲ್ಲಿ, ಅಂದರೆ ಬೋರ್ಡಿನದೇ ಸೆಟ್ಟಿಂಗಿನಲ್ಲಿರುತ್ತದೆ. ಡಿಸ್ಕಿನ ಜೊತೆ ಮಾತಾಡುವ ರೀತಿಗೆ ಸಾಟಾ ಮೋಡ್ ಅಂತಾರೆ. ಹಳೇ ಬೋರ್ಡಿನಲ್ಲಿ ಅದು ಎಎಚ್‌ಸಿಐ ಇದ್ದು, ಹೊಸದರಲ್ಲಿ ರೇಡ್ ಇದ್ದರೆ ವಿಂಡೋಸ್ ಮುಗ್ಗರಿಸುತ್ತದೆ. ಅಲ್ಲೇ ಬದಲಿಸಿದರೆ ಸಾಕು. ವಿಂಡೋಸ್ ಬದಲು ಉಬುಂಟು ಹಾಕಿಕೊಂಡವರಿಗೆ ಈ ತಲೆಬಿಸಿ ಕಡಿಮೆ, ಡ್ರೈವರುಗಳೆಲ್ಲ ಹೆಚ್ಚಾಗಿ ಅದರ ತಿರುಳಾದ ಕರ್ನಲಿನಲ್ಲೇ ಇರುತ್ತವೆ.

ವಿಂಡೋಸ್ ಎದ್ದ ಮೇಲೆ ಆಕ್ಟಿವೇಶನ್, ಅಂದರೆ ಲೈಸನ್ಸ್ ಸರಿ ಇದೆ ಅನ್ನುವ ಒಪ್ಪಿಗೆ, ಹೆಚ್ಚಾಗಿ ಹೋಗಿರುತ್ತದೆ. ಲೈಸನ್ಸ್ ಅಂಟಿಕೊಂಡಿರುವುದೇ ಬೋರ್ಡಿಗೆ. ಮೊದಲೇ ಮೈಕ್ರೋಸಾಫ್ಟ್ ಅಕೌಂಟಿಗೆ ಸೇರಿಸಿಟ್ಟಿದ್ದರೆ, ಹಾರ್ಡ್‌ವೇರ್ ಬದಲಿಸಿದ್ದೇನೆ ಅಂತ ಟ್ರಬಲ್‌ಶೂಟರಿನಲ್ಲಿ ಹೇಳಿ ವಾಪಸ್ ಕೇಳಬಹುದು. ಕಂಪ್ಯೂಟರಿನ ಜೊತೆಗೇ ಬಂದ ಲೈಸನ್ಸಾದರೆ ಹೆಚ್ಚಾಗಿ ಹಳೇ ಬೋರ್ಡಿನ ಜೊತೆಗೇ ಹೋಯಿತು ಅಂತ ಲೆಕ್ಕ.

ಇದೆಲ್ಲಕ್ಕಿಂತ ನನಗೆ ಹೆದರಿಕೆ, ಡಿಸ್ಕಿಗೇ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರಿನದ್ದು. ಮಣಿಪಾಲದಲ್ಲಿ ಓದುವ ಒಬ್ಬ ಹುಡುಗನ ಲ್ಯಾಪ್‌ಟಾಪಿಗೆ ಬೋರ್ಡ್ ಹಾಕಿದೆ. ಆನ್ ಮಾಡಿದರೆ 48 ಅಂಕೆಯ ಕೀ ಕೇಳಿತು. "ನಾನು ಯಾವ ಲಾಕೂ ಹಾಕಲಿಲ್ಲ ಅಣ್ಣಾ" ಅಂದ. ಅವನು ಹಾಕಿರಲಿಲ್ಲ, ವಿಂಡೋಸ್ ತಾನೇ ಹಾಕಿಕೊಂಡಿತ್ತು. ಬೀಗ ತೆಗೆಯುವ ಗುಟ್ಟು ಹಳೇ ಬೋರ್ಡಿನ ಟಿಪಿಎಂ ಅನ್ನುವ ಭದ್ರತಾ ಚಿಪ್ಪಿನಲ್ಲಿ ಉಳಿದಿತ್ತು. ಫಾರ್ಮ್ಯಾಟ್ ಮಾಡಿದರೆ ಪ್ರಾಜೆಕ್ಟ್ ಎಲ್ಲ ಹೋದಂತೆ.

ಇಂಥ ಕೀ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಉಳಿದಿರುತ್ತದೆ. ಅವನ ಅಕೌಂಟಿನಲ್ಲಿ ಹುಡುಕಿದೆವು, ಇಲ್ಲ. ಆಮೇಲೆ ನೆನಪಾಯಿತು, ಲ್ಯಾಪ್‌ಟಾಪ್ ತಂದು ಮೊದಲು ಲಾಗಿನ್ ಮಾಡಿದ್ದು ದುಬೈಯಲ್ಲಿರುವ ಅಪ್ಪ. ಅವರು ಡ್ಯೂಟಿ ಮುಗಿಸಿ ಫೋನಿಗೆ ಸಿಕ್ಕಾಗ ಇಲ್ಲಿ ರಾತ್ರಿ ಹತ್ತೂವರೆ, ಹೊರಗೆ ಧೋ ಅಂತ ಮಳೆ. ಆರಾರು ಅಂಕೆಯ ಎಂಟು ಗುಂಪು. ಅವರು ಓದಿದರು, ಮಗ ಒತ್ತಿದ. ಐದನೇ ಗುಂಪಿನಲ್ಲಿ ಒಂದು ಒಂಬತ್ತು ಆರಾಗಿತ್ತು. ಅಳಿಸಿ, ಮತ್ತೆ ಓದಿಸಿಕೊಂಡೆವು.