ಕಾಣದ ಗಾಯಕ್ಕೆ ಕಾಗದ

ಕೇಳುಗರಿಗೆ ನಮಸ್ಕಾರ.

ಯಾರಾದರೂ "ಹೇಗಿದ್ದೀರಿ?" ಎಂದರೆ "ಚೆನ್ನಾಗಿದ್ದೇನೆ" ಅನ್ನುತ್ತೇವೆ. ಬಾಯಿಗೆ ಬಂದ ರೂಢಿ, ಅಲ್ವಾ? ಅಮೆರಿಕದ ಮಾಜಿ ಸೈನಿಕನೊಬ್ಬ ಈ ಮಾತನ್ನು ಹೇಳಬಾರದ ಕಡೆ ಹೇಳಿದರೆ, ಅವನಿಗೆ ಸಿಗುವ ಪರಿಹಾರವೇ ಕಡಿಮೆಯಾಗಬಹುದು.

ಯುದ್ಧದಿಂದ ಮನಸ್ಸಿಗೆ ಆಗುವ ಗಾಯವನ್ನು ಮೊದಲ ಮಹಾಯುದ್ಧದ ಕಾಲದಲ್ಲಿ 'ಶೆಲ್ ಶಾಕ್' ಎನ್ನುತ್ತಿದ್ದರು. ಅಮೆರಿಕದ ಮನೋವೈದ್ಯರ ಕೈಪಿಡಿಗೆ 'ಪಿಟಿಎಸ್‌ಡಿ', ಅಂದರೆ ದೊಡ್ಡ ಆಘಾತದ ನಂತರ ಉಳಿಯುವ ಮಾನಸಿಕ ಕಾಯಿಲೆ, ಎಂಬ ಹೆಸರು ಸೇರಿದ್ದು 1980ರಲ್ಲಿ. ಅಷ್ಟರಲ್ಲಿ ವಿಯೆಟ್ನಾಂ ಯುದ್ಧ ಮುಗಿದು ಐದು ವರ್ಷವಾಗಿತ್ತು.

ಪರಿಹಾರ ಕೊಡುವುದು ಅಲ್ಲಿನ ಮಾಜಿ ಸೈನಿಕರ ಇಲಾಖೆ. ಜನರ ಬಾಯಲ್ಲಿ ಬರೀ 'ವಿಎ'. ಅದು ಮೂರು ವಿಷಯ ಕೇಳುತ್ತದೆ. ಈಗ ಕಾಯಿಲೆ ಇದೆಯೇ? ಸೇವೆಯಲ್ಲಿ ಏನಾಯಿತು? ಅದಕ್ಕೂ ಇದಕ್ಕೂ ನಂಟಿದೆಯೇ? ಪೂರ್ತಿ ಸಾಬೀತು ಬೇಕಿಲ್ಲ. ತಕ್ಕಡಿ ಸಮವಾಗಿ ನಿಂತರೆ ತೀರ್ಪು ಸೈನಿಕನ ಕಡೆಗೇ. ಆದರೂ ಮೊದಲು ಒಂದು ತೊಡಕಿತ್ತು. ನೇರ ಕಾಳಗ ಮಾಡದವನು, ಉದಾಹರಣೆಗೆ ಬಾಂಬ್ ಹುಗಿದ ರಸ್ತೆಯಲ್ಲಿ ಲಾರಿ ಓಡಿಸಿದವನು, ನಡೆದದ್ದಕ್ಕೆ ದಾಖಲೆ ತರಬೇಕಿತ್ತು. ಭಯಕ್ಕೆ ರಸೀದಿ ಎಲ್ಲಿಂದ ತರುವುದು? 2010ರಲ್ಲಿ ನಿಯಮ ಸಡಿಲವಾಯಿತು. ಶತ್ರುವಿನ ದಾಳಿಯ ಭಯವೇ ಕಾರಣ ಎಂದು ವಿಎ ವೈದ್ಯರು ಒಪ್ಪಿ, ಅವನು ಇದ್ದ ಜಾಗಕ್ಕೂ ಕೆಲಸಕ್ಕೂ ಅದು ಹೊಂದಿದರೆ, ಅವನ ಮಾತೇ ಸಾಕು.

ಸೈನ್ಯದೊಳಗೇ ಲೈಂಗಿಕ ದೌರ್ಜನ್ಯ ಅನುಭವಿಸಿದವರ ವಿಷಯ ಇನ್ನೂ ಸೂಕ್ಷ್ಮ. ಅವರಲ್ಲಿ ಎಷ್ಟೋ ಜನ ಆಗ ದೂರು ಕೊಟ್ಟಿರುವುದಿಲ್ಲ. ಇದ್ದಕ್ಕಿದ್ದಂತೆ ವರ್ಗಾವಣೆ ಕೇಳಿದ್ದು, ಕೆಲಸ ಹದಗೆಟ್ಟಿದ್ದು, ಇಂಥವನ್ನೂ ಪುರಾವೆಯಾಗಿ ನೋಡಬೇಕೆಂದು ನಿಯಮವಿದೆ.

ಆಮೇಲೆ ಕಾಯಿಲೆ ಎಷ್ಟು ತೀವ್ರ ಎಂಬ ಅಳತೆ. ಪರಿಹಾರ ಎಷ್ಟು ಎಂಬುದು ಅದರ ಮೇಲೆಯೇ. 0, 10, 30, 50, 70, 100 ಶೇಕಡ. ನಡುವೆ 40 ಇಲ್ಲ, 60 ಇಲ್ಲ. ಮನಸ್ಸನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅಳೆಯುವುದು ನನಗಂತೂ ವಿಚಿತ್ರ ಅನ್ನಿಸುತ್ತದೆ. ಕೆಲಸ, ಸಂಬಂಧ ಎಷ್ಟು ಕೆಟ್ಟಿವೆ ಎಂಬುದೇ ಇಲ್ಲಿ ಲೆಕ್ಕ. ವೈದ್ಯರ ಪರೀಕ್ಷೆಯ ದಿನ ಸೈನಿಕ ಗಡ್ಡ ಬೋಳಿಸಿ, ಶೂ ಪಾಲಿಶ್ ಮಾಡಿ, ನೆಟ್ಟಗೆ ಕೂತು "ಚೆನ್ನಾಗಿದ್ದೇನೆ ಸಾರ್" ಅನ್ನುತ್ತಾನೆ. ನೋವು ತೋರಿಸಬೇಡ ಎಂದೇ ಅಲ್ವಾ ಅವನನ್ನು ಪಳಗಿಸಿದ್ದು? ಆ ಮಾತು ಹಾಗೇ ವರದಿಗೆ ಹೋಗುತ್ತದೆ.

ಇಲ್ಲಿ ಹೆಂಡತಿಯ ಕಾಗದ ನೆರವಿಗೆ ಬರುತ್ತದೆ. ಹೋಟೆಲಿನಲ್ಲಿ ಬಾಗಿಲಿಗೆ ಬೆನ್ನು ಹಾಕಿ ಕೂರುವುದಿಲ್ಲ, ರಾತ್ರಿ ಮೂರು ಸಲ ಎದ್ದು ಚಿಲಕ ನೋಡುತ್ತಾರೆ, ಮಗನ ಹುಟ್ಟುಹಬ್ಬದ ದಿನ ಗ್ಯಾರೇಜಿನಲ್ಲೇ ಕೂತಿದ್ದರು, ಹೀಗೆ ಕಂಡದ್ದನ್ನು ಬರೆದರೆ ಸಾಕು. ಜೊತೆಗಿದ್ದ ಸೈನಿಕನೂ ಬರೆಯಬಹುದು. ಅರ್ಜಿ ತುಂಬಲು ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಹಣ ಕೇಳದೆ ನೆರವಾಗುತ್ತಾರೆ.

ಅರ್ಜಿ ತಿರಸ್ಕಾರವಾದರೆ? ಹೊಸ ಪುರಾವೆ ಸೇರಿಸಿ ಮತ್ತೆ ಕೇಳಬಹುದು. ಆದರೆ ಹಿಂದಿನ ಹಣವೂ ಬೇಕೆಂದರೆ ಒಂದು ವರ್ಷದೊಳಗೆ ಕೇಳಬೇಕು. ತಿರಸ್ಕಾರದ ಪತ್ರವನ್ನು ಸುಮ್ನೆ ಡ್ರಾಯರಿಗೆ ಹಾಕಿ ಕೂತರೆ, ಮುಂದೆ ಗೆದ್ದರೂ ಹಿಂದಿನ ತಿಂಗಳುಗಳ ಹಣ ಸಾಮಾನ್ಯವಾಗಿ ಕೈಗೆ ಬರುವುದಿಲ್ಲ.