ಯಾವ ಸೀನು?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಟೀವಿ ಆಫ್ ಮಾಡಿ ಟೀವಿ ಬಗ್ಗೆ ಕೇಳೋಕೆ ಬಂದಿದ್ದೀರಿ. ಅದಕ್ಕೇ ಮೊದಲು ನನ್ನದೊಂದು ತಪ್ಪೊಪ್ಪಿಗೆ.

ಕೆಲವು ವರ್ಷಗಳ ಹಿಂದೆ ನನಗೊಂದು ಮೆಸೇಜ್ ಬಂತು. ಒಂದು ಧಾರಾವಾಹಿಯಲ್ಲಿ ದೇವಿಗೆ ಅವಮಾನ ಮಾಡಿದ್ದಾರಂತೆ. ಓದಿ ಮೈಯೆಲ್ಲ ಉರಿದುಹೋಯಿತು. ಹತ್ತು ಜನಕ್ಕೆ ಕಳಿಸಿದೆ, ಜೊತೆಗೆ ನನ್ನದೂ ಖಾರವಾಗಿ ನಾಲ್ಕು ಸಾಲು ಸೇರಿಸಿದೆ. ಹೆಂಡತಿ ಅಡುಗೆ ಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಯಾವ ಸೀನು?" ಅಂದಳು. ಅವಳು ಆ ಧಾರಾವಾಹಿಯನ್ನು ಒಂದು ದಿನವೂ ಬಿಡದೆ ನೋಡುವವಳು. ನಾನು ಒಂದು ಎಪಿಸೋಡೂ ನೋಡಿರಲಿಲ್ಲ. ಏನು ಹೇಳಲಿ?

ಆ ಪ್ರಶ್ನೆ ಜೇಬಲ್ಲಿಟ್ಟುಕೊಂಡು ಬ್ರಿಟನ್ನಿಗೆ ಹೋಗೋಣ ಬನ್ನಿ.

ಅಮೆರಿಕದಲ್ಲಿ ಜೆರ್ರಿ ಸ್ಪ್ರಿಂಗರ್ ಅನ್ನುವವರದೊಂದು ಟಾಕ್ ಶೋ ಇತ್ತು. ಮನೆ ಜಗಳ, ಗುಟ್ಟು ಎಲ್ಲ ಅಲ್ಲಿ ಬೀದಿಗೆ ಬರುತ್ತಿತ್ತು, ಕೆಲವು ಸಲ ಕೈಕೈ ಮಿಲಾಯಿಸೋದೂ ಆಗುತ್ತಿತ್ತು. ಅದನ್ನೇ ಇಟ್ಟುಕೊಂಡು ರಿಚರ್ಡ್ ಥಾಮಸ್ ಮತ್ತು ಸ್ಟೂವರ್ಟ್ ಲೀ ಅನ್ನುವ ಇಬ್ಬರು ಬ್ರಿಟಿಷರು ಒಂದು ಆಪೆರಾ, ಅಂದರೆ ಹಾಡಿನಲ್ಲೇ ನಡೆಯುವ ನಾಟಕ, ಮಾಡಿದರು. 2003ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್‌ಗೆ ಬಂತು, ಆಮೇಲೆ ಅಲ್ಲಿನ ನಾಟಕಮಂದಿರಗಳ ಬೀಡು ವೆಸ್ಟ್ ಎಂಡ್‌ನಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಓಡಿತು, ಪ್ರಶಸ್ತಿಗಳೂ ಬಂದವು. ಅಲ್ಲಿವರೆಗೆ ಹೇಳಿಕೊಳ್ಳುವಂಥ ಗಲಾಟೆ ಇರಲಿಲ್ಲ. ಬಿಬಿಸಿ ಟೂನಲ್ಲಿ 2005ರ ಜನವರಿ 8ರ ರಾತ್ರಿ ಹಾಕುತ್ತೇವೆ ಅಂದರು ನೋಡಿ, ಬೆಂಕಿ ಹತ್ತಿಕೊಂಡಿತು. ಟಿಕೆಟ್ ತಗೊಂಡು ಹೋಗಿ ನೋಡೋದು ಬೇರೆ, ನಮ್ಮ ನಡುಮನೆಗೇ ಬಂದು ಕೂತುಕೊಳ್ಳೋದು ಬೇರೆ. ಟೀವಿ ಮೇಲಿನ ಸಿಟ್ಟಿಗೂ ನಾಟಕದ ಮೇಲಿನ ಸಿಟ್ಟಿಗೂ ಇರುವ ವ್ಯತ್ಯಾಸ ಇದೇ ಅಂತ ನನಗನಿಸುತ್ತೆ.

ಏಸುವಿಗೆ ಅವಮಾನ, ಬರೀ ಬೈಗುಳ ಅಂತ ಪ್ರಸಾರಕ್ಕೆ ಮೊದಲೇ ಬಿಬಿಸಿಗೆ 45 ಸಾವಿರಕ್ಕೂ ಜಾಸ್ತಿ ದೂರು ಬಂದವು. ಮೊದಲೇ! ಕ್ರಿಶ್ಚಿಯನ್ ವಾಯ್ಸ್ ಅನ್ನುವ ಸಂಘಟನೆ ಬಿಬಿಸಿ ಅಧಿಕಾರಿಗಳ ಮನೆ ವಿಳಾಸ, ಫೋನ್ ನಂಬರುಗಳನ್ನೇ ತನ್ನ ವೆಬ್‌ಸೈಟಿನಲ್ಲಿ ಹಾಕಿತು. ಬೆದರಿಕೆಗಳು ಶುರುವಾಗಿ ಮನೆಗೆ ಕಾವಲು ಹಾಕಬೇಕಾಯಿತು. ಇದನ್ನು ನಾನು ಭಕ್ತಿ ಅನ್ನಲ್ಲ.

ಒಂದು ಲೆಕ್ಕ ಹೇಳುತ್ತೇನೆ, ಮಜವಾಗಿದೆ. ಆ ಆಪೆರಾದಲ್ಲಿ 8,000 ಬೈಗುಳ ಇವೆ ಅಂತ ಪತ್ರಿಕೆಗಳು ಬರೆದವು. ಎರಡು ಗಂಟೆಯ ಆಟದಲ್ಲಿ ಎಂಟು ಸಾವಿರ ಸಲ ಬೈಯೋಕೆ ಉಸಿರು ಎಲ್ಲಿಂದ ಬರಬೇಕು ಹೇಳಿ? ಆಗಿದ್ದು ಇಷ್ಟು: ಮೇಳದವರು ಒಟ್ಟಿಗೆ ಒಂದು ಬೈಗುಳ ಹಾಡಿದರೆ ಅದನ್ನು ಹಾಡಿದವರ ತಲೆ ಎಣಿಸಿ ಗುಣಿಸಿಬಿಟ್ಟಿದ್ದರು. ಈ ಲೆಕ್ಕದಲ್ಲಿ ತಿರುಪತಿ ಕ್ಯೂನಲ್ಲಿ ಒಂದು ಗಂಟೆ ನಿಂತವನಿಗೆ ಲಕ್ಷ ಗೋವಿಂದ ನಾಮದ ಪುಣ್ಯ ಸುಮ್ನೆ ಬರಬೇಕು.

ಆದರೆ ನಕ್ಕು ಮುಗಿಸೋ ವಿಷಯ ಅಲ್ಲ ಇದು. ಮೊದಲ ಅಂಕದಲ್ಲಿ ಡೈಪರ್ ಹಾಕಿಕೊಳ್ಳೋ ಚಟದವನ ಪಾತ್ರ ಮಾಡಿದ ನಟನೇ ಎರಡನೇ ಅಂಕದಲ್ಲಿ ಏಸು ಆಗುತ್ತಾನೆ. ಗುಂಡೇಟು ತಿಂದ ಜೆರ್ರಿ ಸಾಯುವ ಹೊತ್ತಿನಲ್ಲಿ ಕಾಣುವ ಕನಸು ಅದು. ನಮ್ಮ ಕಡೆ ಯಕ್ಷಗಾನದಲ್ಲಿ ಒಬ್ಬರೇ ಎರಡು ವೇಷ ಹಾಕೋದು ಹೊಸದೇನಲ್ಲ, ಯಾರೂ ಬೇಜಾರು ಮಾಡಿಕೊಳ್ಳಲ್ಲ. ಆದರೆ ಕೃಷ್ಣನ ವೇಷದವನು ಕಿರೀಟ ಸಮೇತ ಚೌಕಿ ಹಿಂದೆ ಬೀಡಿ ಸೇದೋದು ಕಂಡರೆ ಮುಂದಿನ ಸಾಲಿನ ಅಜ್ಜಿಗೆ ಹೇಗಾಗುತ್ತೆ? ಲಂಡನ್ನಿನ ಅಜ್ಜಿಗೂ ಹಾಗೇ ಆಗಿರುತ್ತೆ. ಆ ನೋವು ಸುಳ್ಳಲ್ಲ. ಪೂರ್ತಿ ನೋಡಿ, ಈ ಜಾಗ ನನಗೆ ಚುಚ್ಚಿತು ಅಂತ ಬರೆದವರ ಪತ್ರವೂ ಆ ಸಾವಿರಾರು ಪತ್ರಗಳ ರಾಶಿಯಲ್ಲಿ ಇದ್ದೇ ಇರುತ್ತೆ, ಆದರೆ ನನ್ನಂಥವರು ಫಾರ್ವರ್ಡ್ ಮಾಡಿದ ಮಾಲಿನ ಕೆಳಗೆ ಅದು ಹೂತುಹೋಗಿರುತ್ತೆ, ಅಲ್ವಾ?

ಕೊನೆಗೆ ಏನಾಯಿತು? ಅಲ್ಲಿನ ಪ್ರಸಾರ ನಿಯಂತ್ರಕ ಸಂಸ್ಥೆ ಆಫ್‌ಕಾಮ್ ಮೇ ತಿಂಗಳಲ್ಲಿ, ನಿಯಮ ಮುರಿದಿಲ್ಲ ಅಂದಿತು. ತಡರಾತ್ರಿ ಹಾಕಿದ್ದರು, ಮುಂಚೆ ಎಚ್ಚರಿಕೆಯನ್ನೂ ಕೊಟ್ಟಿದ್ದರು. ಈ ನಡುವೆ ಸ್ಕಾಟ್ಲೆಂಡಿನ ಒಂದು ಕ್ಯಾನ್ಸರ್ ಸೇವಾ ಸಂಸ್ಥೆ, ಈ ನಾಟಕದವರು ಕೊಡಬೇಕಿದ್ದ 3,000 ಪೌಂಡನ್ನು ಒತ್ತಡಕ್ಕೆ ಹೆದರಿ ಬೇಡ ಅಂದುಬಿಟ್ಟಿತು. ನನಗೆ ಈ ಇಡೀ ಕಥೆಯಲ್ಲಿ ಸಹಿಸೋಕೆ ಆಗದ ಜಾಗ ಇದು. ದೂರುದಾರರು ಧರ್ಮನಿಂದೆ ಕೇಸು ಹಾಕೋಕೆ ಹೋದರು, 2007ರ ಡಿಸೆಂಬರಿನಲ್ಲಿ ಹೈಕೋರ್ಟ್ ಒಪ್ಪಲಿಲ್ಲ. ಮರುವರ್ಷ ಪಾರ್ಲಿಮೆಂಟು ಆ ಹಳೇ ಧರ್ಮನಿಂದೆಯ ಕಾನೂನನ್ನೇ ಕಿತ್ತುಹಾಕಿತು. ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ ಹಾಗೆ. (ಪುಣ್ಯಕ್ಕೆ ಈ ಗಾದೆ ಮೇಲೆ ಇನ್ನೂ ಯಾರೂ ದೂರು ಕೊಟ್ಟಿಲ್ಲ.)

ನಮ್ಮಲ್ಲೂ ಒಂದು ಕಥೆ ಇದೆ. 1988ರ ಜನವರಿಯಲ್ಲಿ ದೂರದರ್ಶನದಲ್ಲಿ ಗೋವಿಂದ ನಿಹಲಾನಿ ಅವರ 'ತಮಸ್' ಧಾರಾವಾಹಿ ಬರುತ್ತಿತ್ತು. ಭೀಷ್ಮ ಸಾಹ್ನಿ ಅವರ ಕಾದಂಬರಿ, ದೇಶವಿಭಜನೆ ಹೊತ್ತಿನ ಗಲಭೆಯದು. ಮಸೀದಿ ಮೆಟ್ಟಿಲ ಮೇಲೆ ಸತ್ತ ಹಂದಿ ಹಾಕಿಸಿ ಊರಿಗೆ ಬೆಂಕಿ ಇಡುತ್ತಾರೆ. ಇದು ಕೋಮು ಭಾವನೆ ಕೆರಳಿಸುತ್ತೆ ಅಂತ ಬಾಂಬೆ ಹೈಕೋರ್ಟಿಗೆ ಅರ್ಜಿ ಬಂತು, ಒಬ್ಬ ನ್ಯಾಯಾಧೀಶರು ತಡೆ ಕೊಟ್ಟರು. ಮೇಲ್ಮನವಿಯಲ್ಲಿ ನ್ಯಾಯಮೂರ್ತಿ ಲೆಂಟಿನ್ ಮತ್ತು ಸುಜಾತಾ ಮನೋಹರ್ ಏನು ಮಾಡಿದರು ಗೊತ್ತಾ? ಕೂತು ಇಡೀ ಧಾರಾವಾಹಿ ನೋಡಿದರು. ಆಮೇಲೆ ತಡೆ ತೆಗೆದರು. ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಎಲ್ಲದರಲ್ಲೂ ಅಪಾಯ ಕಾಣುವವರ ಕಣ್ಣಿಂದ ಅಳೆಯಬೇಡಿ, ಗಟ್ಟಿ ಮನಸ್ಸಿನ ಸಾಮಾನ್ಯ ಮನುಷ್ಯನ ಕಣ್ಣಿಂದ ಅಳೆಯಿರಿ ಅನ್ನೋದು ಅದರ ಸಾರಾಂಶ.

ಅಂದರೆ ನ್ಯಾಯಮೂರ್ತಿಗಳೂ ನನ್ನ ಹೆಂಡತಿ ಕೇಳಿದ್ದನ್ನೇ ಕೇಳಿದ್ದು.

ಹಾಂ, ನನ್ನ ಕಥೆ ಬಾಕಿ ಇದೆ. ಮರ್ಯಾದೆ ಉಳಿಸಿಕೊಳ್ಳೋಕೆ ಎರಡು ವಾರ ಅವಳ ಪಕ್ಕ ಕೂತು ಆ ಧಾರಾವಾಹಿ ನೋಡಿದೆ. ಮೆಸೇಜಿನಲ್ಲಿದ್ದ ಸೀನು ಸಿಗಲೇ ಇಲ್ಲ. ಬೇರೊಂದು ಸಿಕ್ಕಿತು. ಪೂಜೆ ಮಾಡುತ್ತಿರುವ ಸೊಸೆಯ ಆರತಿ ತಟ್ಟೆಯನ್ನು ಅತ್ತೆ ಕಾಲಲ್ಲಿ ಒದೆಯುತ್ತಾಳೆ, ಅದನ್ನು ಮೂರು ಆ್ಯಂಗಲ್‌ನಲ್ಲಿ, ಮೂರು ಸಲ, ಗುಡುಗಿನ ಸದ್ದಿನ ಜೊತೆ ತೋರಿಸಿದರು. ನಿಜವಾಗಿಯೂ ಬೇಜಾರಾಯಿತು. ದೂರು ಇದ್ದರೆ ಇಲ್ಲಿಗೆ ಬರೆಯಿರಿ ಅಂತ ಪರದೆ ಕೆಳಗೆ ಓಡುವ ಸಾಲನ್ನು ಮೊದಲ ಸಲ ಪೂರ್ತಿ ಓದಿ, ಎಪಿಸೋಡಿನ ದಿನ, ಹೊತ್ತು ಎಲ್ಲ ಹಾಕಿ, ಬೈಗುಳ ಇಲ್ಲದೆ ಒಂದು ಪುಟ ಬರೆದೆ. ಕಳಿಸೋ ಮುಂಚೆ ಹೆಂಡತಿಗೆ ತೋರಿಸಿದೆ.

ಕನ್ನಡಕ ಹಾಕಿಕೊಂಡು ಓದಿದಳು. "ಬುಧವಾರ ಅಲ್ಲ ರೀ, ಅದು ಗುರುವಾರದ್ದು" ಅಂದಳು.